ಬಾನುಲಿಯ ಜೀರ್ಣೋದ್ಧಾರ: ಮಧ್ಯಮ ತರಂಗದ ನಿಲಯಗಳೂ ಹಳೆಯ ಸಂಗೀತವೂ

ಕನ್ನಡದ 'ಕೇಳು' ಎಂಬ ಧಾತುವಿಗೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಕಿವಿಗೊಡುವುದು ಒಂದು, ಬೇಡುವುದು ಅಥವಾ ಪ್ರಶ್ನಿಸುವುದು ಮತ್ತೊಂದು. 'ಹಾಡನ್ನು ಕೇಳಿದನು' ಎಂಬಲ್ಲಿ ಮೊದಲನೆಯ ಅರ್ಥವೂ, 'ಅಂಗಡಿಯಲ್ಲಿ ಬೆಲ್ಲವನ್ನು ಕೇಳಿದನು' ಎಂಬಲ್ಲಿ ಎರಡನೆಯ ಅರ್ಥವೂ ಸ್ಪಷ್ಟವಾಗುತ್ತವೆ. ಬಾನುಲಿಯ ಇತಿಹಾಸವನ್ನು ಪರಿಶೀಲಿಸುವವರಿಗೆ ಈ ಎರಡು ಅರ್ಥಗಳ ನಡುವಣ ಸಂಬಂಧವೇ ಮುಖ್ಯವಾದ ವಿಷಯವಾಗಿ ತೋರುತ್ತದೆ. ಜನರು ಕೇಳಿದ್ದನ್ನೇ, ಎಂದರೆ ಬೇಡಿದ್ದನ್ನೇ, ನಿಲಯವು ಕೊಡಬೇಕೆ? ಅಥವಾ ಜನರು ಬೇಡಲು ಅರಿಯದ, ಆದರೆ ಕೇಳಲು ಯೋಗ್ಯವಾದ ಸಂಗೀತವನ್ನು ಅವರ ಕಿವಿಗೆ ಮುಟ್ಟಿಸಬೇಕೆ? ಸೊರಗಿಹೋದ ಬಾನುಲಿ ನಿಲಯಗಳನ್ನು ಹಳೆಯ ಸಂಗೀತದ ಆಸರೆಯಿಂದ ಮತ್ತೆ ಎತ್ತಿ ನಿಲ್ಲಿಸುವ ಪ್ರಯತ್ನಗಳು ಲೋಕದ ಹಲವೆಡೆ ನಡೆದಿವೆ. ಅವುಗಳ ಜಯಾಪಜಯಗಳು ಬಹುಮಟ್ಟಿಗೆ ಈ ಪ್ರಶ್ನೆಗೆ ದೊರೆತ ಉತ್ತರವನ್ನೇ ಅವಲಂಬಿಸಿವೆ.

ಹಳೆಯ ದೇಗುಲವನ್ನು ಸರಿಪಡಿಸುವುದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಗೋಡೆಗೆ ಗಾರೆ ಮೆತ್ತಿ, ಬಿರುಕು ಮುಚ್ಚಿದ ಮಾತ್ರಕ್ಕೆ ಆ ಕಾರ್ಯ ಪೂರ್ಣವಾಗುವುದಿಲ್ಲ. ಅಲ್ಲಿ ಮತ್ತೆ ದೀಪ ಹತ್ತಬೇಕು, ಜನರು ಬರಬೇಕು. ಬಾನುಲಿ ನಿಲಯದ ಜೀರ್ಣೋದ್ಧಾರವೂ ಅಂತೆಯೇ. ಯಂತ್ರವನ್ನು ದುರಸ್ತಿಗೊಳಿಸಿ ಹಳೆಯ ಧ್ವನಿಮುದ್ರಿಕೆಗಳನ್ನು ಸುರುಳಿ ಸುರುಳಿಯಾಗಿ ಬಿತ್ತರಿಸಿದರೆ ಅದು ಗಾರೆಯ ಕೆಲಸವಷ್ಟೇ ಆದೀತು. ಅದಕ್ಕೆ ಮೀರಿದುದೇನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಮಧ್ಯಮ ತರಂಗದ ಗುಣದೋಷಗಳು

ಮೊದಲಿಗೆ ವಾಹನದ ಸ್ವರೂಪವನ್ನು ಅರಿಯಬೇಕು. ರೇಡಿಯೋ ಅಲೆಗಳು ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತವೆ. ಈ ವೇಗವನ್ನು ಅಲೆಯ ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ 612 ಕಿಲೋಹರ್ಟ್ಸ್ ಎಂಬುದು ಹಳೆಯ ಶ್ರೋತೃಗಳಿಗೆ ಕಂಠಪಾಠವಾಗಿದ್ದ ಸಂಖ್ಯೆ. ಮೇಲಿನ ಲೆಕ್ಕದಂತೆ ಆ ಅಲೆಯ ಉದ್ದ ಸುಮಾರು 490 ಮೀಟರ್ ಆಗುತ್ತದೆ. ಮೈಸೂರು ನಿಲಯದ ಎಫ್.ಎಂ. ಆವೃತ್ತಿಯಾದ 100.6 ಮೆಗಾಹರ್ಟ್ಸ್‌ಗೆ ಅಲೆಯ ಉದ್ದ 3 ಮೀಟರಿಗೂ ಸ್ವಲ್ಪ ಕಡಿಮೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಈ ಭಾಗಾಹಾರದಿಂದ ಎರಡು ಬಗೆಯ ಪ್ರಸಾರಗಳ ಅಂತರವೆಲ್ಲ ವೇದ್ಯವಾಗುತ್ತದೆ.

ಉದ್ದವಾದ ಅಲೆಯು ನೆಲವನ್ನು ಅನುಸರಿಸಿ ಬಾಗಿ ಸಾಗಬಲ್ಲುದು. ಬೆಂಗಳೂರಿನಿಂದ ಹೊರಟ ಮಧ್ಯಮ ತರಂಗಕ್ಕೆ ಕುಂತಿಬೆಟ್ಟವಾಗಲಿ, ಮೇಲುಕೋಟೆಯ ಗುಡ್ಡಗಳಾಗಲಿ, ಕರಿಘಟ್ಟವಾಗಲಿ ದೊಡ್ಡ ಅಡ್ಡಿಯಲ್ಲ. ರಾತ್ರಿಯ ವೇಳೆ ಅದು ಮೇಲಣ ಅಯಾನುಮಂಡಲಕ್ಕೆ ತಾಗಿ ಹಿಂದಿರುಗಿ ನೂರಾರು ಕಿಲೋಮೀಟರ್ ದೂರವನ್ನೂ ಮುಟ್ಟುತ್ತದೆ. ಎಫ್.ಎಂ. ಅಲೆಯಾದರೋ ದೃಷ್ಟಿ ಹರಿಯುವಷ್ಟು ದೂರವನ್ನು ಬಹುಮಟ್ಟಿಗೆ ನೆಚ್ಚಿಕೊಂಡಿರುವುದು. ಗುಡ್ಡದ ಮರೆಯಲ್ಲಿ ಅದು ಕುಂದುತ್ತದೆ. ಇದು ಮಧ್ಯಮ ತರಂಗದ ಗುಣ.

ಇನ್ನು ದೋಷ. ಮಧ್ಯಮ ತರಂಗದ ನಿಲಯಗಳ ನಡುವೆ ನಮ್ಮ ದೇಶದಲ್ಲಿ 9 ಕಿಲೋಹರ್ಟ್ಸಿನ ಅಂತರವನ್ನು ಮಾತ್ರ ಇರಿಸಲಾಗಿದೆ. ಆದುದರಿಂದ ಅದು ಹೊರಬಲ್ಲ ನಾದದ ವ್ಯಾಪ್ತಿ ಸುಮಾರು 4.5 ಕಿಲೋಹರ್ಟ್ಸಿನವರೆಗೆ. ಎಫ್.ಎಂ. ಪ್ರಸಾರವು 15 ಕಿಲೋಹರ್ಟ್ಸಿನವರೆಗಿನ ನಾದವನ್ನು ಹೊರುತ್ತದೆ. ಜೊತೆಗೆ ಮಧ್ಯಮ ತರಂಗದಲ್ಲಿ ನಾದವು ಅಲೆಯ ಎತ್ತರದ ಏರಿಳಿತದಲ್ಲಿ ಅಡಗಿರುವುದರಿಂದ ಮುಂಗಾರಿನ ಮಿಂಚು, ಕಬ್ಬಿನ ಗದ್ದೆಯ ಪಂಪ್‌ಸೆಟ್ಟಿನ ಮೋಟಾರು, ಮನೆಯೊಳಗಿನ ಆಧುನಿಕ ದೀಪಗಳು ಎಲ್ಲವೂ ಅದರೊಳಗೆ ಕರಕರ ಶಬ್ದವನ್ನು ಬೆರೆಸುತ್ತವೆ. ತಂಬೂರಿಯ ಝೇಂಕಾರದಲ್ಲಿರುವ ಸೂಕ್ಷ್ಮ ಅನುರಣನಗಳೂ ವೀಣೆಯ ಮೀಟಿನ ಹೊಳಪೂ ಇಲ್ಲಿ ಮಸಕಾಗುತ್ತವೆ.

ಇದರಿಂದ ಮಧ್ಯಮ ತರಂಗವು ಸಂಗೀತಕ್ಕೆ ಅಪಾತ್ರವೆಂದು ನಿರ್ಣಯಿಸುವುದು ಅವಸರದ ಮಾತಾಗುತ್ತದೆ. ಮನುಷ್ಯಕಂಠದ ಮೂಲಸ್ವರಗಳೂ, ಸ್ವರಾಕ್ಷರಗಳನ್ನು ಒಂದರಿಂದೊಂದು ಬೇರ್ಪಡಿಸುವ ನಾದಾಂಶಗಳೂ ಬಹುತೇಕ ಈ 4.5 ಕಿಲೋಹರ್ಟ್ಸಿನ ಒಳಗೇ ಅಡಗಿವೆ. ಹಿಂದಿನ ಧ್ವನಿಮುದ್ರಿಕೆಗಳೂ ಇಂಥ ಮಿತಿಯೊಳಗೆ ಹುಟ್ಟಿದವು. 1925ರ ಸುಮಾರಿಗೆ ವಿದ್ಯುತ್ ಧ್ವನಿಗ್ರಹಣ ಬಳಕೆಗೆ ಬರುವವರೆಗೂ ಗಾಯಕರು ದೊಡ್ಡ ಕಹಳೆಯೊಂದರ ಮುಂದೆ ನಿಂತು ಹಾಡಬೇಕಾಗಿತ್ತು. ನಿಮಿಷಕ್ಕೆ 78 ಸುತ್ತು ಸುತ್ತುವ ತಟ್ಟೆಯ ಒಂದು ಮೈಯಲ್ಲಿ ಮೂರು ನಾಲ್ಕು ನಿಮಿಷಗಳಷ್ಟೇ ಹಿಡಿಯುತ್ತಿತ್ತು. ಅಂದಿನ ಗಾಯಕರು ಮಾತನ್ನು ಮುಂದಿಟ್ಟು, ವಾದ್ಯವನ್ನು ಹಿಂದಿಟ್ಟು, ರಾಗದ ಜೀವಸ್ವರಗಳನ್ನು ಕ್ಷಣಮಾತ್ರದಲ್ಲಿ ತೋರಿಸುವ ಕೌಶಲವನ್ನು ರೂಢಿಸಿಕೊಂಡರು. ಅಂಥ ಹಾಡುಗಳು ಮಧ್ಯಮ ತರಂಗದಲ್ಲಿ ಕೇಳಿಬಂದಾಗ ಕಳೆದುಕೊಳ್ಳುವುದು ಸ್ವಲ್ಪ. ಇಂದಿನ ಚಿತ್ರಗೀತೆಗಳ ವಾದ್ಯಘೋಷ ಅದೇ ದಾರಿಯಲ್ಲಿ ಬಂದಾಗ ಕಳೆದುಕೊಳ್ಳುವುದು ಬಹಳ. ಹಳೆಯ ಹಾಡುಗಾರಿಕೆ, ಗಮಕ ವಾಚನ, ಭಾವಗೀತೆ, ವಚನ ಗಾಯನ ಮುಂತಾದ ಕಂಠಪ್ರಧಾನವಾದ ಪ್ರಕಾರಗಳು ಈ ವಾಹನಕ್ಕೆ ಹೊಂದುವ ಹೊರೆಗಳೆಂಬುದು ಹೀಗೆ ಸಿದ್ಧವಾಗುತ್ತದೆ.

೨. ಮೈಸೂರಿನ ನಿದರ್ಶನ

ಕಿರಂಗೂರಿನ ಸುತ್ತಲಿನವರಿಗೆ ಬಾನುಲಿಯ ಚರಿತ್ರೆಯನ್ನು ದೂರದೇಶದಿಂದ ಹೇಳಬೇಕಾದ ಅಗತ್ಯವಿಲ್ಲ. ಇಲ್ಲಿಂದ ಕೆಲವೇ ಹರಿದಾರಿ ದೂರದ ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರ್ 10ರಂದು ತಮ್ಮ ನಿವಾಸವಾದ 'ವಿಠ್ಠಲ ವಿಹಾರ'ದಲ್ಲಿ ಖಾಸಗಿ ಬಾನುಲಿ ನಿಲಯವೊಂದನ್ನು ಆರಂಭಿಸಿದರು. ಅದರ ಪ್ರಸಾರಯಂತ್ರದ ಶಕ್ತಿ ಕೇವಲ 30 ವಾಟ್. ಹಿಂದೆ ಮನೆಗಳಲ್ಲಿ ಉರಿಸುತ್ತಿದ್ದ ಒಂದು ಸಾಧಾರಣ ಬುರುಡೆ ದೀಪಕ್ಕೂ ಕಡಿಮೆ. ಅನಂತರ 250 ವಾಟ್ ಶಕ್ತಿಯ ಯಂತ್ರ ಬಂದಿತು. ಆ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರಸಿದ್ಧಿಯಿದೆ. ಮೈಸೂರಿನ ಒಂದು ಮನೆಯಲ್ಲಿ ಬಳಕೆಗೆ ಬಂದ ಆ ಹೆಸರು ಮುಂದೆ ಭಾರತದ ಬಾನುಲಿ ಸಂಸ್ಥೆಗೇ ಹೆಸರಾಯಿತು. 2023ರಿಂದ ಇಂಗ್ಲಿಷ್ ಪ್ರಸಾರಗಳಲ್ಲಿಯೂ ಆ ಹೆಸರನ್ನೇ ಬಳಸತಕ್ಕದ್ದೆಂದು ವಿಧಿಸಲಾಯಿತು.

ಗೋಪಾಲಸ್ವಾಮಿಯವರು ಯಂತ್ರಶಿಲ್ಪಿಯಲ್ಲ, ವ್ಯಾಪಾರಿಯೂ ಅಲ್ಲ. ಮನಸ್ಸನ್ನು ಅಭ್ಯಾಸದ ವಿಷಯವನ್ನಾಗಿ ಮಾಡಿಕೊಂಡ ಅಧ್ಯಾಪಕರು. ಜನಶಿಕ್ಷಣದ ಹಂಬಲದಿಂದ ಸ್ವಂತ ಹಣವನ್ನು ವೆಚ್ಚಮಾಡಿ ನಿಲಯವನ್ನು ನಡೆಸಿದರು. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. 1950ನೆಯ ಏಪ್ರಿಲ್ 1ರಂದು ಅದು ಅಖಿಲ ಭಾರತ ಬಾನುಲಿಯ ಆಡಳಿತಕ್ಕೆ ಸೇರಿತು. 1955ನೆಯ ನವೆಂಬರ್ 2ರಂದು ನಿಲಯವು ಬೆಂಗಳೂರಿಗೆ ವರ್ಗವಾದುದರಿಂದ ಬಾನುಲಿಯ ತವರೂರಾದ ಮೈಸೂರು ಸ್ವಂತ ದನಿಯನ್ನು ಕಳೆದುಕೊಂಡಿತು. 1974ರಲ್ಲಿ ಮೈಸೂರಿನಲ್ಲಿ ನಿಲಯ ಮತ್ತೆ ಆರಂಭವಾಯಿತು.

ಶ್ರೀರಂಗಪಟ್ಟಣದ ಸೀಮೆಯವರಿಗೆ ಈ ಹೋಗಿಬರುವಿಕೆ ಅಪರಿಚಿತವಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಉತ್ಸವ ಮುಂದೆ ಮೈಸೂರಿಗೆ ಹೋಯಿತು. ಈಚಿನ ದಶಕಗಳಲ್ಲಿ ಅದು ಇಲ್ಲಿಯೂ ಮತ್ತೆ ಚಾಲನೆ ಪಡೆದು, ಕಿರಂಗೂರಿನ ಬನ್ನಿಮಂಟಪದಿಂದಲೇ ಮೆರವಣಿಗೆ ಹೊರಡುವ ಪದ್ಧತಿ ಬೆಳೆದಿದೆ. ಹೀಗೆ ಮರಳಿ ಬಂದ ಉತ್ಸವವು ಮೈಸೂರಿನ ಉತ್ಸವದ ಪ್ರತಿಕೃತಿಯಾಗಿದ್ದರೆ ಅದನ್ನು ನೋಡಲು ಯಾರು ನಿಲ್ಲುತ್ತಿದ್ದರು? ತನ್ನ ಊರಿನ ಮಂಟಪ, ತನ್ನ ಊರಿನ ಹಾದಿ ಇವುಗಳಿಂದಲೇ ಅದಕ್ಕೆ ಬೆಲೆ ಬಂದಿತು. ಪುನರಾರಂಭವಾಗುವ ಬಾನುಲಿ ನಿಲಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ದೂರದ ನಗರದ ಪ್ರಸಾರವನ್ನು ಮರುಪ್ರಸಾರ ಮಾಡುವ ಕಂಬವಾಗಿ ಮಾತ್ರ ಉಳಿದರೆ ನಿಲಯವೆಂಬ ಹೆಸರು ಅದಕ್ಕೆ ಸಲ್ಲದು.

೩. ಕೇಸ್ಕರ್ ಅವರ ಪ್ರಯೋಗ

ಶಾಸ್ತ್ರೀಯ ಸಂಗೀತವನ್ನೇ ಮುಖ್ಯವಾಗಿಸಿಕೊಂಡು ಬಾನುಲಿಯನ್ನು ನಡೆಸುವ ಪ್ರಯೋಗ ನಮ್ಮ ದೇಶದಲ್ಲಿ ಅತಿ ದೊಡ್ಡ ಪ್ರಮಾಣದಲ್ಲಿ ನಡೆದುದು 1952ರಲ್ಲಿ. ಆ ವರ್ಷ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಬಿ.ವಿ. ಕೇಸ್ಕರ್ ಅವರು ಸ್ವತಃ ಸಂಗೀತವನ್ನು ಬಲ್ಲವರು. ಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತಿವೆಯೆಂಬುದು ಅವರ ದೃಢವಾದ ಅಭಿಪ್ರಾಯ. ಅವರ ಕಾಲದಲ್ಲಿ ಚಿತ್ರಗೀತೆಗಳ ಪ್ರಸಾರವನ್ನು ಕಡಿತಗೊಳಿಸಲಾಯಿತು. ಚಿತ್ರ ನಿರ್ಮಾಪಕರೊಡನೆ ವಿರಸವುಂಟಾಗಿ ಆ ಗೀತೆಗಳು ಆಕಾಶವಾಣಿಯಿಂದ ಬಹುಮಟ್ಟಿಗೆ ಮರೆಯಾದವು. 1952ನೆಯ ಜುಲೈ 20ರಂದು ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. 1954ರಲ್ಲಿ ಆಕಾಶವಾಣಿ ಸಂಗೀತ ಸಮ್ಮೇಳನ ಆರಂಭವಾಯಿತು.

ಇದರ ಪರಿಣಾಮ ಎರಡು ಬಗೆಯದಾಯಿತು. ರಾಜಾಶ್ರಯ ತಪ್ಪಿದ್ದ ವಿದ್ವಾಂಸರಿಗೆ ಆಕಾಶವಾಣಿ ಹೊಸ ಆಶ್ರಯವಾಯಿತು. ಊರ ಜಾತ್ರೆಗೂ ಅರಮನೆಯ ದರ್ಬಾರಿಗೂ ಮೀಸಲಾಗಿದ್ದ ನಾದ ಹಳ್ಳಿಯ ಪಂಚಾಯತಿಯ ರೇಡಿಯೋದಲ್ಲಿ ಕೇಳಿಬಂದಿತು. ಚಿತ್ರಗೀತೆಗೆ ಪ್ರತಿಯಾಗಿ ನಿಲಯಗಳಲ್ಲಿ ಸುಗಮ ಸಂಗೀತದ ವಿಭಾಗಗಳನ್ನು ಬೆಳೆಸಲಾಯಿತು. ಕವಿತೆಗಳು ರಾಗ ತಾಳಗಳನ್ನು ಧರಿಸಿ ಮನೆಮನೆಯನ್ನು ಮುಟ್ಟಿದವು. ಇದೇ ನೆರೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರ 1942ರ 'ಮೈಸೂರ ಮಲ್ಲಿಗೆ'ಯ ಗೀತೆಗಳು ಪುಸ್ತಕವನ್ನು ಕೈಯಲ್ಲಿ ಹಿಡಿಯದವರ ನಾಲಗೆಯ ಮೇಲೂ ನಲಿದಾಡುವಂತಾದುದಕ್ಕೆ ಸುಗಮ ಸಂಗೀತದ ಸಂಪ್ರದಾಯವೇ ಕಾರಣ. ಇದು ಒಂದು ಬಗೆ.

ಇನ್ನೊಂದು ಬಗೆ ಹೀಗಿದೆ. ಚಿತ್ರಗೀತೆಗಳನ್ನು ಬೇಡಿದ ಶ್ರೋತೃಗಳು ರೇಡಿಯೋದ ಮುಳ್ಳನ್ನು ತಿರುಗಿಸಿ ಸಿಲೋನಿನ ಕಡೆಗೆ ಹೋದರು. ಅಲ್ಲಿಂದ ಹ್ರಸ್ವ ತರಂಗದಲ್ಲಿ ಬರುತ್ತಿದ್ದ ರೇಡಿಯೋ ಸಿಲೋನಿನ ಹಿಂದಿ ಪ್ರಸಾರದಲ್ಲಿ 1952ರ ಕೊನೆಗೆ ಅಮೀನ್ ಸಯಾನಿಯವರ ಗೀತಮಾಲಾ ಆರಂಭವಾಗಿ ದೇಶವನ್ನೆಲ್ಲ ಸೆರೆಹಿಡಿಯಿತು. ಸರ್ಕಾರ ಒಳ್ಳೆಯದನ್ನೇ ಕೊಟ್ಟಿತ್ತು. ಆದರೆ ಆ ಒಳ್ಳೆಯದನ್ನು ಏಕೆ ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ತಿಳಿಯಹೇಳುವ ಏರ್ಪಾಡು ಸಾಲದಾಗಿತ್ತು. ಹಸುವಿಗೆ ಹಸಿರು ಹುಲ್ಲನ್ನು ಬಿಟ್ಟು ಔಷಧಿಯನ್ನೇ ಮೇವಾಗಿ ಇಟ್ಟರೆ ಅದು ಹಗ್ಗ ಹರಿದುಕೊಂಡು ಪಕ್ಕದ ಹೊಲಕ್ಕೆ ನುಗ್ಗುವುದು ಸಹಜ.

1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಉದಯಿಸಿದುದು ಈ ಅನುಭವದ ಫಲ. ಚಿತ್ರಗೀತೆಗೆ ಬಾಗಿಲು ತೆರೆಯಿತು. 1967ರಿಂದ ಜಾಹೀರಾತಿಗೂ ತೆರೆಯಿತು. ಈ ವಾಹಿನಿಯ 'ಸಂಗೀತ ಸರಿತಾ' ಎಂಬ ಕಾರ್ಯಕ್ರಮವು ಪ್ರಕೃತ ವಿಷಯಕ್ಕೆ ಅತ್ಯಂತ ಉಪಯುಕ್ತವಾದ ನಿದರ್ಶನ. ಅಲ್ಲಿ ಒಂದು ರಾಗದ ಪರಿಚಯವನ್ನು ಸರಳವಾದ ಮಾತಿನಲ್ಲಿ ಮಾಡಿ, ಆ ರಾಗವನ್ನು ಆಧರಿಸಿದ ಚಿತ್ರಗೀತೆಯನ್ನು ಕೇಳಿಸಿ, ಅದರೊಡನೆಯೇ ಆ ರಾಗದ ಶಾಸ್ತ್ರೀಯ ರೂಪವನ್ನೂ ಕೇಳಿಸುವ ಕ್ರಮವಿತ್ತು. ಶ್ರೋತೃವು ಬೇಡಿದುದು ಹಾಡನ್ನು. ಹಾಡಿನ ಹಿಂದೆ ರಾಗವೂ ಬಂದಿತು. ಬೇಡಿದುದರ ಕೈಹಿಡಿದು ಬೇಡದಿದ್ದುದೂ ಮನೆಯೊಳಕ್ಕೆ ಬಂದ ಈ ಕ್ರಮದಲ್ಲಿ 'ಕೇಳು' ಧಾತುವಿನ ಎರಡು ಅರ್ಥಗಳೂ ಒಂದಾದವು.

೪. ಹೊರನಾಡುಗಳ ಅನುಭವ

ಅಮೆರಿಕದಲ್ಲಿ 1970ರ ದಶಕದ ಕೊನೆಯ ವೇಳೆಗೆ ಎಫ್.ಎಂ. ನಿಲಯಗಳ ಶ್ರೋತೃಗಳ ಸಂಖ್ಯೆ ಮಧ್ಯಮ ತರಂಗದ ನಿಲಯಗಳ ಶ್ರೋತೃಗಳ ಸಂಖ್ಯೆಯನ್ನು ಮೀರಿತು. ಹೊಸ ಸಂಗೀತವೂ ಎಳೆಯ ಶ್ರೋತೃಗಳೂ ಅತ್ತ ಹೋದಾಗ ಹಳೆಯ ನಿಲಯಗಳು ಬರಿದಾದವು. ಆ ಹೊತ್ತಿನಲ್ಲಿ, 1978ರ ಸುಮಾರಿಗೆ, ಅಲ್ ಹ್ಯಾಮ್ ಎಂಬ ಸಂಗೀತ ಸಂಯೋಜಕರು 'ಮ್ಯೂಸಿಕ್ ಆಫ್ ಯುವರ್ ಲೈಫ್' ಎಂಬ ಕಾರ್ಯಕ್ರಮ ಪದ್ಧತಿಯನ್ನು ರೂಪಿಸಿ ಸೊರಗಿದ ನಿಲಯಗಳಿಗೆ ಒದಗಿಸಿದರು. ರಾಕ್ ಸಂಗೀತ ಬರುವುದಕ್ಕೆ ಮೊದಲು ಜನಪ್ರಿಯವಾಗಿದ್ದ ಗೀತೆಗಳೇ ಅದರ ತಿರುಳು. ಮಧ್ಯವಯಸ್ಸು ಮೀರಿದ ಶ್ರೋತೃಗಳು ಕಳೆದುಹೋದ ಬಂಧುವನ್ನು ಕಂಡಂತೆ ಮರಳಿ ಬಂದರು. ಎಷ್ಟೋ ನಿಲಯಗಳು ಅದರಿಂದ ಮತ್ತೆ ಉಸಿರಾಡಿದವು.

ಬ್ರಿಟನ್ನಿನಲ್ಲಿಯೂ ಇದಕ್ಕೆ ಹೋಲುವ ಸಂಗತಿ ನಡೆಯಿತು. ಅಲ್ಲಿ ಒಂದೇ ಕಾರ್ಯಕ್ರಮವನ್ನು ಮಧ್ಯಮ ತರಂಗದಲ್ಲಿಯೂ ಎಫ್.ಎಂ.ನಲ್ಲಿಯೂ ಏಕಕಾಲಕ್ಕೆ ಬಿತ್ತರಿಸುವ ರೂಢಿಯನ್ನು 1980ರ ದಶಕದ ಕೊನೆಗೆ ಕೈಬಿಡತೊಡಗಿದಾಗ, ಲಂಡನ್ನಿನ ಕ್ಯಾಪಿಟಲ್ ರೇಡಿಯೋ ತನ್ನ 1548 ಕಿಲೋಹರ್ಟ್ಸಿನ ಮಧ್ಯಮ ತರಂಗವನ್ನು 1988ರಲ್ಲಿ 'ಕ್ಯಾಪಿಟಲ್ ಗೋಲ್ಡ್' ಎಂಬ ಹೆಸರಿನಿಂದ ಹಳೆಯ ಜನಪ್ರಿಯ ಗೀತೆಗಳಿಗೆ ಮೀಸಲಿಟ್ಟಿತು.

ಈ ಪ್ರಯತ್ನಗಳಿಂದ ಕಲಿಯತಕ್ಕ ಪಾಠ ಸಿಹಿಕಹಿ ಎರಡೂ ಆಗಿದೆ. ಪರಿಚಿತವಾದ ಹಾಡು ಶ್ರೋತೃವನ್ನು ಮರಳಿ ತರುತ್ತದೆಂಬುದು ಸಿಹಿ. ಸ್ಮರಣೆಯನ್ನು ಮಾತ್ರ ನೆಚ್ಚಿದ ನಿಲಯವು ತನ್ನ ಶ್ರೋತೃಗಳೊಡನೆಯೇ ಮುದುಕಾಗುತ್ತದೆಂಬುದು ಕಹಿ. ಅಮೆರಿಕದಲ್ಲಿ ಜಾಹೀರಾತುದಾರರು ವೃದ್ಧ ಶ್ರೋತೃಗಳಿಗೆ ಹಣ ಸುರಿಯಲು ಒಪ್ಪಲಿಲ್ಲ. 1987ರಲ್ಲಿ ವಿವಾದಾಸ್ಪದ ವಿಷಯಗಳಲ್ಲಿ ಉಭಯಪಕ್ಷಗಳಿಗೂ ಅವಕಾಶ ಕೊಡಬೇಕೆಂಬ ಪ್ರಸಾರನಿಯಮ ರದ್ದಾದ ಮೇಲೆ ಮಾತಿನ ಕಾರ್ಯಕ್ರಮಗಳು ಬೆಳೆದು, ಮಧ್ಯಮ ತರಂಗದ ಅನೇಕ ನಿಲಯಗಳಲ್ಲಿ ಸಂಗೀತದ ಸ್ಥಾನವನ್ನು ರಾಜಕೀಯ ವಾಗ್ವಾದ ಆಕ್ರಮಿಸಿತು. ತಾತನ ಕಾಲದ ಹಾಡನ್ನು ತಾತನಿಗೆ ಮಾತ್ರ ಕೇಳಿಸಿದುದರಿಂದ ಮೊಮ್ಮಗನು ಆ ಹಾಡಿಗೆ ವಾರಸುದಾರನಾಗಲಿಲ್ಲ.

೫. ಕರ್ನಾಟಕದ ಇಂದಿನ ಸ್ಥಿತಿ

ನಮ್ಮ ನಾಡಿನಲ್ಲಿ ಬೆಂಗಳೂರು ಮತ್ತು ಧಾರವಾಡ ನಿಲಯಗಳು 200 ಕಿಲೋವಾಟ್ ಶಕ್ತಿಯ ಮಧ್ಯಮ ತರಂಗದ ಪ್ರಸಾರದಿಂದ ಹೆಸರಾದವು. ಇಂಥ ಯಂತ್ರವು ಹೊರಸೂಸುವ ಶಕ್ತಿಗಿಂತಲೂ ಹೆಚ್ಚಿನ ವಿದ್ಯುತ್ತನ್ನು ಸೆಳೆಯುತ್ತದೆ. ಎತ್ತರವಾದ ಸ್ತಂಭವೂ ಅದರ ಸುತ್ತ ವಿಸ್ತಾರವಾದ ಭೂಮಿಯೂ ಬೇಕು. ಹಳೆಯ ಯಂತ್ರಗಳ ಬಿಡಿಭಾಗಗಳು ದುರ್ಲಭ. ಈ ಕಾರಣಗಳಿಂದ ಪ್ರಸಾರ ಭಾರತಿಯು ಈಚಿನ ವರ್ಷಗಳಲ್ಲಿ ದೇಶದಾದ್ಯಂತ ಹಳತಾದ ಅನೇಕ ಮಧ್ಯಮ ತರಂಗದ ಯಂತ್ರಗಳನ್ನು ನಿಲ್ಲಿಸಿ ಎಫ್.ಎಂ. ಕಡೆಗೆ ಒಲಿದಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬಾನುಲಿ ಮತ್ತು ದೂರದರ್ಶನದ ಅಭಿವೃದ್ಧಿಗಾಗಿ 2,539.61 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಆಕಾಶವಾಣಿಯ ಎಫ್.ಎಂ. ಪ್ರಸಾರ ಆಗ ಮುಟ್ಟುತ್ತಿದ್ದುದು ದೇಶದ ಜನಸಂಖ್ಯೆಯ ಶೇಕಡಾ 68 ಭಾಗವನ್ನು. ಅದನ್ನು ಶೇಕಡಾ 80ಕ್ಕೆ ಏರಿಸುವುದು ಯೋಜನೆಯ ಗುರಿಗಳಲ್ಲಿ ಒಂದು. ಶೇಕಡಾ 80ನ್ನು ಮುಟ್ಟಿದರೂ ಐವರಲ್ಲಿ ಒಬ್ಬನು ಹೊರಗೆ ಉಳಿಯುತ್ತಾನೆಂಬುದನ್ನು ಗಮನಿಸಬೇಕು. ಗುಡ್ಡದ ಮರೆಯ ಊರಿನ ಆ ಒಬ್ಬನಿಗೆ ಮಧ್ಯಮ ತರಂಗದ ಆಸರೆ ಇನ್ನೂ ಬೇಕಾಗಿದೆ.

ಸಂಗೀತದ ಮಟ್ಟಿಗೆ ಬೆಂಗಳೂರು ನಿಲಯದ ಎರಡು ಪ್ರಯತ್ನಗಳು ಸ್ಮರಣೀಯ. ಶಾಸ್ತ್ರೀಯ ಸಂಗೀತಕ್ಕೇ ಮೀಸಲಾಗಿ 100.1 ಮೆಗಾಹರ್ಟ್ಸಿನಲ್ಲಿ ಆರಂಭವಾದ 'ಅಮೃತವರ್ಷಿಣಿ' ಮೊದಲನೆಯದು. ಮಳೆಯನ್ನು ತರಿಸುವುದೆಂದು ಮುತ್ತುಸ್ವಾಮಿ ದೀಕ್ಷಿತರ ವಿಷಯದಲ್ಲಿ ಐತಿಹ್ಯವುಳ್ಳ ರಾಗದ ಹೆಸರನ್ನು ಇಟ್ಟುದು ಔಚಿತ್ಯಪೂರ್ಣವಾಗಿದೆ. ಎರಡನೆಯದು 2016ನೆಯ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ 'ರಾಗಂ'. ಹಿಂದೂಸ್ಥಾನೀ ಮತ್ತು ಕರ್ಣಾಟಕ ಪದ್ಧತಿಗಳೆರಡನ್ನೂ ದಿನದ 24 ಗಂಟೆಗಳ ಕಾಲ ಉಪಗ್ರಹದ ಮೂಲಕವೂ ಅಂತರ್ಜಾಲದ ಮೂಲಕವೂ ಬಿತ್ತರಿಸುವ ವಾಹಿನಿಯಾಗಿ ಅದು ಹುಟ್ಟಿತು. ಆಕಾಶವಾಣಿಯ ಭಂಡಾರದಲ್ಲಿ ದಶಕಗಳಿಂದ ಕೂಡಿಬಂದ ಧ್ವನಿಮುದ್ರಣಗಳಿಗೆ ಇಂಥ ವಾಹಿನಿಯು ಬೆಳಕಿನ ಕಿಂಡಿಯಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಕೈಯೊಳಗಿನ ದೂರವಾಣಿಯಲ್ಲಿ ಸಕಲ ಸಂಗೀತವೂ ದೊರೆಯುವಾಗ ನಿಲಯದ ಹಂಗೇಕೆ? ಆಕ್ಷೇಪದಲ್ಲಿ ಸತ್ಯಾಂಶವುಂಟು, ಆದರೆ ದೂರವಾಣಿಯಿಂದ ಹಾಡನ್ನು ಪಡೆಯಬೇಕಾದರೆ ಮೊದಲು ಅದರ ಹೆಸರನ್ನು ಬೇಡಬೇಕು. ಮೈಸೂರು ವಾಸುದೇವಾಚಾರ್ಯರ ಹೆಸರನ್ನೇ ಕೇಳದ ಬಾಲಕನು ಅವರ ಕೃತಿಯನ್ನು ಹೇಗೆ ಬೇಡಿಯಾನು? ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದ ಟಿ. ಚೌಡಯ್ಯನವರನ್ನೂ ವೀಣೆಯ ವಿ. ದೊರೆಸ್ವಾಮಿ ಅಯ್ಯಂಗಾರ್ಯರನ್ನೂ ಅರಿಯದವನು ಯಾವ ಅಕ್ಷರಗಳನ್ನು ಒತ್ತಿ ಹುಡುಕಿಯಾನು? ಯಂತ್ರವು ಒಮ್ಮೆ ಬೇಡಿದುದನ್ನು ಹೋಲುವುದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ತನಗೆ ಗೊತ್ತಿಲ್ಲದುದು ಗೊತ್ತಿಲ್ಲವೆಂಬುದೂ ತಿಳಿಯದ ಶಿಷ್ಯನಿಗೆ ಗುರುವಿನ ಅಗತ್ಯವಿರುವಂತೆ, ಇಂಥ ಶ್ರೋತೃವಿಗೆ ಬಲ್ಲವನಾದ ಉದ್ಘೋಷಕನ ಅಗತ್ಯವಿದೆ.

ಆದುದರಿಂದ ಹಳೆಯ ಸಂಗೀತದಿಂದ ನಿಲಯವು ಉದ್ಧಾರವಾಗಬೇಕಾದರೆ ಮೂರು ಅಂಗಗಳು ಕೂಡಿಬರಬೇಕು. ವಾಹನಕ್ಕೆ ಹೊಂದುವ ಸಂಗೀತವನ್ನು ಆರಿಸುವುದು ಮೊದಲನೆಯದು. ಮಧ್ಯಮ ತರಂಗದಲ್ಲಿ ಕಂಠಪ್ರಧಾನವಾದುದಕ್ಕೂ, ಎಫ್.ಎಂ.ನಲ್ಲಿ ವಾದ್ಯದ ಸೂಕ್ಷ್ಮತೆಗೂ ಅಗ್ರಸ್ಥಾನ ಸಲ್ಲಬೇಕು.

ಎರಡನೆಯ ಅಂಗ ವಿದ್ವತ್ತುಳ್ಳ ಮಾತು. ಹಾಡಿದವರಾರು, ರಚಿಸಿದವರಾರು, ರಾಗವಾವುದು, ಯಾವ ವರ್ಷದ ಮುದ್ರಣ, ಎಲ್ಲಿ ಕಿವಿಗೊಡಬೇಕು ಎಂಬ ನಾಲ್ಕಾರು ವಾಕ್ಯಗಳು ಪ್ರತಿ ಗೀತೆಗೂ ಇರತಕ್ಕದ್ದು. 1966ರ 'ಸಂಧ್ಯಾರಾಗ', 1975ರ 'ಹಂಸಗೀತೆ' ಇಂಥ ಕನ್ನಡ ಚಿತ್ರಗಳ ಗೀತೆಗಳು ಈ ಕಾರ್ಯಕ್ಕೆ ಒಳ್ಳೆಯ ಸೇತುವೆಗಳು. ಚಿತ್ರವನ್ನು ಮೆಚ್ಚಿ ಬಂದವನನ್ನು ಅವು ರಾಗದ ಹೊಸ್ತಿಲಿಗೆ ತಂದು ನಿಲ್ಲಿಸುತ್ತವೆ.

ಮೂರನೆಯದು ಸ್ಥಳದ ನಾದ. ಧಾರವಾಡದ ನಿಲಯಕ್ಕೆ ಸಂಗೀತದ ಸಲಹೆಗಾರರಾಗಿದ್ದ ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ಹಿಂದೂಸ್ಥಾನೀ ರಾಗಗಳಲ್ಲಿ ಹಾಡಿ ಒಂದು ಪರಂಪರೆಯನ್ನೇ ಬೆಳಗಿಸಿದರು. ಮೈಸೂರು ಸೀಮೆಗೆ ವೀಣೆ, ಗಮಕ, ಭಾವಗೀತೆ, ಸೋಬಾನೆ ಪದ ಇವು ತವರಿನ ಸಂಪತ್ತು. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಗೀತನಾಟಕಗಳಿಗೇ ತಮ್ಮ ಕವಿತಾಶಕ್ತಿಯ ದೊಡ್ಡ ಪಾಲನ್ನು ಧಾರೆಯೆರೆದರು. ಅವರ 'ಹಂಸದಮಯಂತಿ ಮತ್ತು ಇತರ ರೂಪಕಗಳು' 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಕಣ್ಣಿಗಿಂತ ಕಿವಿಗೇ ಹೆಚ್ಚು ಸಲ್ಲುವ ಇಂಥ ಕೃತಿಗಳು ಬಾನುಲಿಗಾಗಿಯೇ ಕಾದಿರುವಂತಿವೆ.

೬. ವಿದ್ಯಾಸಂಸ್ಥೆಗಳು ಮಾಡಬಹುದಾದುದು

ಆಕಾಶವಾಣಿಯ ಯಂತ್ರಗಳ ಅಳಿವು ಉಳಿವು ಸರ್ಕಾರದ ಕೈಯಲ್ಲಿದೆ. ಶ್ರೋತೃಗಳನ್ನು ಸಿದ್ಧಪಡಿಸುವ ಕಾರ್ಯ ಮಾತ್ರ ಶಾಲೆಯ ಕೈಯಲ್ಲಿದೆ. ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮದಲ್ಲಿ ಶ್ರವಣವೇ ಮೊದಲನೆಯದು. ಓದು ಬರಹಗಳಿಗೆ ಅವಧಿಗಳನ್ನು ಹಂಚುವ ಶಾಲೆಯು ಕೇಳುವುದಕ್ಕೆಂದು ವಾರಕ್ಕೊಂದು ಅವಧಿಯನ್ನು ಇರಿಸುವುದು ಕಷ್ಟವಲ್ಲ. ಒಂದು ಕೃತಿ, ಒಂದು ಭಾವಗೀತೆ, ಕೆಲವು ಷಟ್ಪದಿಗಳ ಗಮಕ ವಾಚನ, ಇವುಗಳನ್ನು ಕೇಳಿಸಿ ನಾಲ್ಕು ಮಾತು ವಿವರಿಸಿದರೆ ಹತ್ತು ವರ್ಷಗಳಲ್ಲಿ ಒಂದು ತಲೆಮಾರಿನ ಕಿವಿ ಹದವಾಗುತ್ತದೆ. ಅಧ್ಯಾಪಕರಿಗೆ ಇದಕ್ಕಾಗಿ ಸಂಗೀತದ ಪ್ರೌಢಿಮೆ ಬೇಕಿಲ್ಲ. ಮೊದಲು ತಾವು ಕೇಳುವ ತಾಳ್ಮೆಯಿದ್ದರೆ ಸಾಕು.

ಇನ್ನೂ ಮುಂದೆ ಹೋಗುವ ಸಂಕಲ್ಪವಿದ್ದವರಿಗೆ ದಾರಿ ತೆರೆದಿದೆ. ಶಿಕ್ಷಣ ಸಂಸ್ಥೆಗಳು ಸಮುದಾಯ ಬಾನುಲಿ ನಿಲಯಗಳನ್ನು ಸ್ಥಾಪಿಸಬಹುದೆಂದು ಕೇಂದ್ರ ಸರ್ಕಾರ 2002ರಲ್ಲಿ ಒಪ್ಪಿತು. 2006ರಲ್ಲಿ ಆ ಅವಕಾಶವನ್ನು ಸೇವಾಸಂಸ್ಥೆಗಳಿಗೂ ವಿಸ್ತರಿಸಿತು. ಇಂಥ ನಿಲಯಕ್ಕೆ ಸಾಮಾನ್ಯವಾಗಿ ಗೊತ್ತುಪಡಿಸಿದ ಶಕ್ತಿಯ ಮಿತಿ 100 ವಾಟ್. ಅದರ ದನಿ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಊರುಗಳನ್ನು ಮುಟ್ಟುತ್ತದೆ. ಗೋಪಾಲಸ್ವಾಮಿಯವರು 1935ರಲ್ಲಿ ಹಿಡಿದು ಹೊರಟುದು ಇದರ ಮೂರನೆಯ ಒಂದು ಭಾಗಕ್ಕೂ ಕಡಿಮೆ ಶಕ್ತಿಯ ಯಂತ್ರವೆಂಬುದನ್ನು ನೆನೆದರೆ ಸಾಧನದ ಅಲ್ಪತೆಯನ್ನು ನೆಪವಾಗಿ ಹೇಳಲು ಅವಕಾಶವಿಲ್ಲ. ಕಷ್ಟವಿರುವುದು ಅನುದಿನವೂ ನಡೆಸುವುದರಲ್ಲಿ. ಯಂತ್ರವನ್ನು ಕೊಳ್ಳಲು ದಾನಿಗಳು ದೊರೆಯುತ್ತಾರೆ. ಉದ್ಘೋಷಕನ ತಿಂಗಳ ಸಂಬಳಕ್ಕೆ ದಾನಿಗಳು ವಿರಳ. ಅನ್ನದಾನಕ್ಕೂ ವಿದ್ಯಾದಾನಕ್ಕೂ ದತ್ತಿಯನ್ನು ಇಡುವ ಈ ನಾಡಿನ ಮಹನೀಯರು ಶ್ರವಣಕ್ಕಾಗಿಯೂ ದತ್ತಿಯನ್ನು ಇಡುವ ಸಂಪ್ರದಾಯವನ್ನು ಆರಂಭಿಸಿದರೆ ಅದು ಚಿರಕಾಲ ನಿಲ್ಲುವ ಪುಣ್ಯಕಾರ್ಯವಾದೀತು.

ಹಿರಿಯ ವಿದ್ಯಾರ್ಥಿಗಳ ಪಾಲಿಗೂ ಒಂದು ಕೆಲಸವುಂಟು. ಎಷ್ಟೋ ಮನೆಗಳ ಅಟ್ಟದ ಮೇಲೆ ಗ್ರಾಮಫೋನ್ ತಟ್ಟೆಗಳೂ ಕ್ಯಾಸೆಟ್ಟುಗಳೂ ಧೂಳು ಹಿಡಿದು ಬಿದ್ದಿವೆ. ಕ್ಯಾಸೆಟ್ಟಿನ ಕಾಂತೀಯ ಪಟ್ಟಿಯು ತೇವಕ್ಕೂ ಬಿಸಿಲಿಗೂ ಸವೆದು ನಾದವನ್ನು ಕಳೆದುಕೊಳ್ಳುತ್ತದೆ. ವರ್ಷಗಳು ಕಳೆದಷ್ಟೂ ಅದನ್ನು ಉಳಿಸುವುದು ಕಠಿಣ. ರಾಗಿ ಬೀಸುವ ಪದಗಳನ್ನೂ ಸೋಬಾನೆಗಳನ್ನೂ ಬಲ್ಲ ವೃದ್ಧೆಯರು ಈ ಸುತ್ತಿನ ಊರುಗಳಲ್ಲಿ ಇನ್ನೂ ಉಳಿದಿದ್ದಾರೆ. ತಟ್ಟೆಗಳನ್ನೂ ಕ್ಯಾಸೆಟ್ಟುಗಳನ್ನೂ ಸಂಗ್ರಹಿಸಿ ಹೊಸ ವಿಧಾನದಲ್ಲಿ ಪ್ರತಿ ತೆಗೆಯುವುದು, ಹಾಡುವವರ ಹೆಸರು, ಊರು, ದಿನಾಂಕಗಳೊಡನೆ ಹಾಡುಗಳನ್ನು ಮುದ್ರಿಸಿಕೊಳ್ಳುವುದು, ಒಂದು ಪ್ರತಿಯನ್ನು ಶಾಲೆಯಲ್ಲಿಯೂ ಇನ್ನೊಂದನ್ನು ಮೈಸೂರು ಆಕಾಶವಾಣಿಯಂಥ ನಿಲಯದಲ್ಲಿಯೂ ಇರಿಸುವಂತೆ ಪ್ರಯತ್ನಿಸುವುದು, ಇಷ್ಟನ್ನು ಒಂದು ಬೇಸಗೆಯ ರಜೆಯಲ್ಲಿ ಆರಂಭಿಸಬಹುದು. ಮುಂದೆ ಯಾವ ನಿಲಯ ಉಳಿದರೂ, ಯಾವ ಹೊಸ ವಾಹನ ಬಂದರೂ, ಅದರಲ್ಲಿ ಹೊರಿಸಲು ಈ ಸೀಮೆಯ ಸ್ವಂತ ನಾದವೊಂದು ಸಿದ್ಧವಾಗಿರುತ್ತದೆ.